ಸೆಂಟ್ರಿಂಗ್ ಬಿಚ್ಚುವ ದಿನ ಗೊತ್ತಿರಬೇಕು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಅರ್ಜಿ ಹಾಕದೆ, ಸಂದರ್ಶನ ಎದುರಿಸದೆ ಸಿಗುವ ಹುದ್ದೆ ಒಂದಿದೆ. ಅದು ಸೀನಿಯರ್ ಹುದ್ದೆ. ಹೊಸ ಬ್ಯಾಚ್ ಕ್ಯಾಂಪಸ್ಸಿಗೆ ಕಾಲಿಟ್ಟ ದಿನವೇ ನಾವು ಅಣ್ಣಂದಿರು, ಅಕ್ಕಂದಿರು ಆಗಿಬಿಡುತ್ತೇವೆ. ಫಿಸಿಕ್ಸ್ ಸೈಕಲ್ ಸುಲಭವೋ ಕೆಮಿಸ್ಟ್ರಿ ಸೈಕಲ್ ಸುಲಭವೋ, ಯಾವ ಪುಸ್ತಕ ಕೊಳ್ಳಬೇಕು, ಇಂಟರ್ನಲ್ಸ್‌ಗೆ ಎಷ್ಟು ಓದಿದರೆ ಸಾಕು, ಹಾಸ್ಟೆಲ್ ಊಟ ಸೇರದಿದ್ದರೆ ಯಾವ ಮೆಸ್ಸಿಗೆ ಹೋಗಬೇಕು? ಎಲ್ಲದಕ್ಕೂ ನಮ್ಮನ್ನೇ ಕೇಳುತ್ತಾರೆ. ನಾವೂ ಹಿಂದೆಮುಂದೆ ನೋಡದೆ ಹೇಳಿಬಿಡುತ್ತೇವೆ. ಆ ಮಾತು ನಂಬಿ ಒಬ್ಬ ಹುಡುಗ ಊರಲ್ಲಿರುವ ಅಪ್ಪನಿಂದ ದುಡ್ಡು ತರಿಸಿ ಯಾವುದೋ ಆನ್‌ಲೈನ್ ಕೋರ್ಸಿಗೆ ಸೇರಬಹುದು. ಒಬ್ಬ ಹುಡುಗಿ ತನಗೆ ಈ ಬ್ರಾಂಚ್ ಆಗಿಬರುವುದಿಲ್ಲ ಎಂದುಕೊಂಡು ಗಂಟುಮೂಟೆ ಕಟ್ಟಬಹುದು. ಇಷ್ಟು ತೂಕದ ಮಾತನ್ನು ನಾವು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಆಡಿ ಎದ್ದುಹೋಗುತ್ತೇವೆ.

ನಾನು ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್‌ನಲ್ಲಿದ್ದೇನೆ. ನಮ್ಮ ವಿಭಾಗದಲ್ಲಿ ಮೊದಲ ವರ್ಷದ ನಾಲ್ಕೈದು ಮಕ್ಕಳಿಗೆ ಒಬ್ಬರಂತೆ ಸೀನಿಯರ್‌ಗಳನ್ನು ಹಂಚಿದ್ದಾರೆ. ಈ ಕೆಲಸ ಮಾಡುತ್ತಾ ನನಗೆ ಅನಿಸಿದ್ದು ಇಷ್ಟು: ಇನ್ನೊಬ್ಬರಿಗೆ ದಾರಿ ತೋರಿಸುವ ಮೊದಲು ‘ನಾನು ಏನು ಮಾಡುತ್ತೇನೆ, ಏನು ಮಾಡುವುದಿಲ್ಲ, ಎಲ್ಲಿಗೆ ನಿಲ್ಲಿಸುತ್ತೇನೆ’ ಎಂಬುದನ್ನು ನಾವೇ ತೀರ್ಮಾನ ಮಾಡಿಕೊಳ್ಳಬೇಕು. ಅದಕ್ಕೆ ಮೆಂಟರಿಂಗ್ ಫಿಲಾಸಫಿ ಎಂಬ ದೊಡ್ಡ ಹೆಸರಿದೆ. ಹೆಸರು ದೊಡ್ಡದಾದರೂ ವಿಷಯ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಹಿಡಿಸುವಂಥದ್ದು.

ಡೈರಿಯಲ್ಲಿ ಮೆಂಟರ್, ವಾಟ್ಸ್‌ಆ್ಯಪ್‌ನಲ್ಲಿ ಸೀನಿಯರ್

ಮೆಂಟರ್ ಎಂಬ ಪದ ನಮ್ಮ ಕಾಲೇಜುಗಳಿಗೆ ಹೊಸದಲ್ಲ. ಒಬ್ಬೊಬ್ಬ ಅಧ್ಯಾಪಕರಿಗೆ ಇಂತಿಷ್ಟು ವಿದ್ಯಾರ್ಥಿಗಳು ಎಂದು ಹಂಚಿರುತ್ತಾರೆ. ನ್ಯಾಕ್ ಮೌಲ್ಯಮಾಪನದಲ್ಲಿ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕಕ್ಕೂ ಜಾಗವಿದೆ. ಹೊಸಬರಿಗಾಗಿ ಎಐಸಿಟಿಇ ರೂಪಿಸಿದ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮದಲ್ಲಿ ಸಣ್ಣ ಸಣ್ಣ ಗುಂಪು, ಗುಂಪಿಗೊಬ್ಬ ಅಧ್ಯಾಪಕರು, ಜೊತೆಗೆ ಹಿರಿಯ ವಿದ್ಯಾರ್ಥಿಗಳು ಇರಬೇಕೆಂಬ ಕಲ್ಪನೆ ಇದೆ. ಕಾಗದದ ಮೇಲೆ ಏನೂ ಕಡಿಮೆ ಇಲ್ಲ.

ಆದರೆ ತರಗತಿ, ಮೌಲ್ಯಮಾಪನ, ಲ್ಯಾಬ್, ಕಡತಗಳ ನಡುವೆ ಅಧ್ಯಾಪಕರಿಗೆ ಉಳಿಯುವ ಸಮಯ ಎಷ್ಟು? ಅಟೆಂಡೆನ್ಸ್ ಎಷ್ಟಾಯಿತು, ಇಂಟರ್ನಲ್ಸ್ ಎಷ್ಟು ಬಂತು ಎಂದು ಕೇಳಿ ಡೈರಿಗೆ ಸಹಿ ಹಾಕಿಸಿಕೊಂಡರೆ ಆ ತಿಂಗಳ ಭೇಟಿ ಮುಗಿಯುತ್ತದೆ. ಎದುರಿಗೆ ಕೂತ ಹುಡುಗನೂ ‘ಏನಾದರೂ ತೊಂದರೆ ಇದೆಯೇನಪ್ಪಾ?’ ಎಂದರೆ ‘ಏನಿಲ್ಲ ಸರ್’ ಎಂದೇ ಹೇಳುತ್ತಾನೆ. ಅದೇ ಹುಡುಗ ರಾತ್ರಿ ಹನ್ನೊಂದಕ್ಕೆ ಸೀನಿಯರ್‌ಗೆ ಮೆಸೇಜ್ ಹಾಕುತ್ತಾನೆ: ‘ಅಕ್ಕಾ, ಕ್ಲಾಸಲ್ಲಿ ಒಂದಕ್ಷರ ಅರ್ಥ ಆಗ್ತಿಲ್ಲ.’

ಅಧ್ಯಾಪಕರಿಗೆ ಹೇಳದ್ದನ್ನು ನಮಗೆ ಹೇಳುತ್ತಾರೆ ಎನ್ನುವ ಕಾರಣಕ್ಕೇ ಸೀನಿಯರ್‌ಗಳ ಜವಾಬ್ದಾರಿ ದೊಡ್ಡದು. ಆದರೆ ನಮ್ಮಲ್ಲಿ ಈ ಜವಾಬ್ದಾರಿಯನ್ನು ನಿಭಾಯಿಸುವ ಎರಡು ಪದ್ಧತಿಗಳೇ ಹೆಚ್ಚು ಕಾಣುತ್ತವೆ.

ಮೊದಲನೆಯದು ದಾನಶೂರ ಕರ್ಣನ ಪದ್ಧತಿ. ಕೇಳಿದ್ದೆಲ್ಲ ಕೊಡುವುದು. ನೋಟ್ಸ್ ಕೊಡು, ಹಳೇ ಪ್ರಶ್ನೆಪತ್ರಿಕೆಗೆ ಬಿಡಿಸಿದ ಉತ್ತರ ಕೊಡು, ಲ್ಯಾಬ್ ರೆಕಾರ್ಡ್ ಕೊಡು, ಕೊನೆಗೆ ಮಿನಿ ಪ್ರಾಜೆಕ್ಟಿನ ರಿಪೋರ್ಟನ್ನೂ ಕೊಟ್ಟುಬಿಡು. ಇಂಥ ಸೀನಿಯರ್‌ಗಳಿಗೆ ಕ್ಯಾಂಪಸ್ಸಿನಲ್ಲಿ ಒಳ್ಳೆಯ ಹೆಸರಿರುತ್ತದೆ. ಅವರ ಜೂನಿಯರ್‌ಗಳು ‘ಅಣ್ಣಾ, ಇದು ಇಂಪಾರ್ಟೆಂಟಾ?’ ಎಂಬ ಒಂದೇ ಪ್ರಶ್ನೆಯನ್ನು ಎಂಟು ಸೆಮಿಸ್ಟರ್ ಕೇಳುತ್ತಾ ಹೋಗುತ್ತಾರೆ.

ಎರಡನೆಯದು ಅತ್ತೆಯ ಪದ್ಧತಿ. ‘ನಮಗೆ ಯಾರು ಹೇಳಿಕೊಟ್ಟರು? ನಾವು ಒದ್ದಾಡಿ ಕಲಿಯಲಿಲ್ಲವೇ? ನೀವೂ ಒದ್ದಾಡಿ.’ ಅತ್ತೆ ತನ್ನ ಅತ್ತೆಯಿಂದ ಪಟ್ಟಿದ್ದನ್ನು ಸೊಸೆಗೆ ದಾಟಿಸಿದ ಹಾಗೆ ಇದು. ಜೂನಿಯರ್‌ಗಳಿಂದ ‘ಸರ್, ಮೇಡಂ’ ಅನ್ನಿಸಿಕೊಳ್ಳುವ ಚಪಲ ಬೇರೆ. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ನಿಯಮ ಬಂದಮೇಲೆ ಬೈಗುಳ ಕಡಿಮೆಯಾಗಿರಬಹುದು, ದೂರ ಕಡಿಮೆಯಾಗಿಲ್ಲ.

ಮೇಲ್ನೋಟಕ್ಕೆ ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅನಿಸುತ್ತದೆ. ಮೂರು ವರ್ಷ ಕಳೆದಮೇಲೆ ಎರಡೂ ಕಡೆಯ ಮಕ್ಕಳನ್ನು ನೋಡಿ. ಒಬ್ಬನಿಗೆ ಸ್ವಂತ ಕಾಲಿನ ಮೇಲೆ ನಿಂತು ಅಭ್ಯಾಸವಿಲ್ಲ, ಇನ್ನೊಬ್ಬ ನಿಲ್ಲುವ ಮೊದಲೇ ಬಿದ್ದಿದ್ದಾನೆ.

ಮೇಸ್ತ್ರಿಗೆ ಗೊತ್ತಿರುವ ಪಾಠ

ನಮಗೆ ಮೆಂಟರಿಂಗ್ ಎಂಬ ವಿಷಯವೇನೂ ಸಿಲೆಬಸ್‌ನಲ್ಲಿಲ್ಲ. ಆದರೆ ಸಿವಿಲ್ ಓದುವವರ ಪುಸ್ತಕದಲ್ಲಿ ಅದಕ್ಕೆ ಹೊಂದುವ ಒಂದು ಪಾಠವಿದೆ. ಮನೆ ಕಟ್ಟುವುದನ್ನು ನೋಡಿದ ಎಲ್ಲರಿಗೂ ಸೆಂಟ್ರಿಂಗ್ ಗೊತ್ತು. ತಾರಸಿಗೆ ಕಾಂಕ್ರೀಟ್ ಸುರಿಯುವ ಮೊದಲು ಕೆಳಗೆ ಹಲಗೆ ಅಥವಾ ಶೀಟ್ ಹಾಸಿ, ಅದಕ್ಕೆ ಸಾಲಾಗಿ ಕಂಬ ಕೊಡುತ್ತಾರೆ. ಹಸಿ ಕಾಂಕ್ರೀಟ್ ತನ್ನ ಭಾರವನ್ನೇ ತಾನು ಹೊರಲಾರದು. ಅದು ಗಟ್ಟಿಯಾಗುವ ತನಕ ಭಾರ ಹೊರುವುದು ಸೆಂಟ್ರಿಂಗ್ ಕೆಲಸ.

ಅದನ್ನು ಯಾವಾಗ ಬಿಚ್ಚಬೇಕು? ನಮ್ಮ ದೇಶದಲ್ಲಿ ಕಾಂಕ್ರೀಟ್ ಕೆಲಸಕ್ಕೆ ಆಧಾರವಾಗಿರುವ ಐಎಸ್ 456 ಎಂಬ ಸಂಹಿತೆಯ 2000ದ ಆವೃತ್ತಿ ಇದಕ್ಕೆ ಲೆಕ್ಕ ಕೊಟ್ಟಿದೆ. ಸಾಮಾನ್ಯ ಸಿಮೆಂಟ್ ಬಳಸಿ, ಸರಿಯಾಗಿ ಕ್ಯೂರಿಂಗ್ ಮಾಡಿ, ವಾತಾವರಣ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಿದ್ದರೆ ಕಾಲಂ ಮತ್ತು ಗೋಡೆಯ ಪಕ್ಕದ ಹಲಗೆಗಳನ್ನು 16ರಿಂದ 24 ಗಂಟೆಯಲ್ಲಿ ತೆಗೆಯಬಹುದು. ಸ್ಲ್ಯಾಬಿನ ಅಗಲ ನಾಲ್ಕೂವರೆ ಮೀಟರ್ ಒಳಗಿದ್ದರೆ ಕೆಳಗಿನ ಕಂಬಗಳಿಗೆ 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. 6 ಮೀಟರ್ ಮೀರಿದ ತೊಲೆಯಾದರೆ 21 ದಿನ. ಇದು ಕನಿಷ್ಠ ಲೆಕ್ಕ.

ಆದರೆ ಅದೇ ಸಂಹಿತೆ ದಿನಗಳಿಗಿಂತ ಮುಖ್ಯವಾದ ಇನ್ನೊಂದು ಮಾತನ್ನೂ ಹೇಳುತ್ತದೆ. ಬಿಚ್ಚುವ ಹೊತ್ತಿಗೆ ಕಾಂಕ್ರೀಟಿನ ಮೇಲೆ ಎಷ್ಟು ಒತ್ತಡ ಬೀಳುತ್ತದೋ ಅದರ ಕನಿಷ್ಠ ಎರಡರಷ್ಟು ಶಕ್ತಿ ಅದಕ್ಕೆ ಬಂದಿರಬೇಕು. ಕ್ಯಾಲೆಂಡರ್ ನೋಡಿ ಬಿಚ್ಚುವುದು ಅನುಕೂಲಕ್ಕೆ. ನಿಜವಾದ ಅಳತೆ ಶಕ್ತಿಯೇ.

ಗಡಿಬಿಡಿಯಲ್ಲಿ ಬೇಗ ಬಿಚ್ಚಿದರೆ ತಾರಸಿ ಬಿರುಕು ಬಿಡುತ್ತದೆ, ಕುಸಿದು ಪ್ರಾಣವೂ ಹೋಗುತ್ತದೆ. ಹಾಗೆಂದು ಯಾರೂ ಭಯಪಟ್ಟು ಸೆಂಟ್ರಿಂಗನ್ನು ಮನೆಯೊಳಗೇ ಬಿಟ್ಟು ಗೃಹಪ್ರವೇಶ ಮಾಡುವುದಿಲ್ಲ. ಅದು ಇದ್ದಷ್ಟು ದಿನ ಒಳಗೆ ಯಾರೂ ವಾಸ ಮಾಡಲಾಗದು. ಮೇಸ್ತ್ರಿಗೂ ಆ ಕಂಬಗಳು ಮುಂದಿನ ಮನೆಗೆ ಬೇಕು.

ಶಿಕ್ಷಣದ ಬಗ್ಗೆ ಯೋಚಿಸಿದವರಿಗೂ ಇದೇ ಹೋಲಿಕೆ ಹೊಳೆದಿದೆ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಗೊತ್ತಿರುವವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವೆ ಒಂದು ಜಾಗವಿದೆ, ಕಲಿಕೆ ನಡೆಯುವುದು ಅಲ್ಲೇ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ವಿವರಿಸಿದ್ದರು. ಅವರು ತೀರಿಕೊಂಡದ್ದು 1934ರಲ್ಲಿ. ಮುಂದೆ 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಸಂಶೋಧಕರು ಆ ನೆರವಿಗೆ ‘ಸ್ಕ್ಯಾಫೋಲ್ಡಿಂಗ್’ ಎಂಬ ಹೆಸರು ಬಳಸಿದರು. ಕಟ್ಟಡ ಕಟ್ಟುವಾಗ ಹಾಕುವ ಸಾರುವೆಗೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಅದು. ನನ್ನ ಪುಟದ ಮೊದಲ ಸಾಲೂ ಇದೇ: ನಾನು ಸೆಂಟ್ರಿಂಗ್, ಕಟ್ಟಡ ಅಲ್ಲ. ಉಳಿದ ನಿಯಮಗಳು ಇದರಿಂದಲೇ ಹುಟ್ಟಿದವು.

ಮೊದಲು ಪರೀಕ್ಷೆ, ಆಮೇಲೆ ಸಲಹೆ

ಸೈಟಿನಲ್ಲಿ ಕಾಂಕ್ರೀಟ್ ಹಾಕುವ ದಿನವೇ 150 ಮಿ.ಮೀ. ಅಳತೆಯ ಘನಗಳನ್ನು ತುಂಬಿಸಿಟ್ಟು 7ನೇ ದಿನ, 28ನೇ ದಿನ ಯಂತ್ರದಲ್ಲಿ ಒಡೆದು ನೋಡುತ್ತಾರೆ. ಕಣ್ಣಂದಾಜಿನಲ್ಲಿ ಗಟ್ಟಿ ಎನ್ನುವುದಿಲ್ಲ. ನಾವು ಮಾತ್ರ ಜೂನಿಯರ್ ಬಾಯಿ ಬಿಡುವ ಮೊದಲೇ ‘ನಿನ್ನ ಬೇಸಿಕ್ಸ್ ವೀಕ್’ ಎಂದು ತೀರ್ಪು ಕೊಡುತ್ತೇವೆ.

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಬಂದ ಹುಡುಗಿಯೊಬ್ಬಳು ನಮ್ಮ ಗುಂಪಿನಲ್ಲಿದ್ದಾಳೆ. ಮೆಕ್ಯಾನಿಕ್ಸ್ ತಲೆಗೆ ಹತ್ತುತ್ತಿಲ್ಲ ಎಂದಳು. ಗೋಡೆಗೆ ಒರಗಿಸಿಟ್ಟ ಏಣಿಯ ಲೆಕ್ಕ ಕೊಟ್ಟು, ಬಲಗಳ ಚಿತ್ರ ಬರೆಯಲು ಹೇಳಿದೆ. ನೆಲದಲ್ಲಿ ಘರ್ಷಣೆ ತೋರಿಸಿದಳು, ಸರಿ. ಗೋಡೆಯಲ್ಲೂ ಘರ್ಷಣೆ ತೋರಿಸಿದಳು. ಪ್ರಶ್ನೆಯಲ್ಲಿ ಗೋಡೆ ‘ಸ್ಮೂತ್’ ಎಂದಿತ್ತು. ‘ಸ್ಮೂತ್ ಅಂದರೆ ಗಿಲಾವು ಮಾಡಿರೋ ಗೋಡೆ ಅಲ್ವಾ ಅಕ್ಕಾ?’ ಎಂದು ಕೇಳಿದಳು. ಮನೆಯ ಭಾಷೆಯಲ್ಲಿ ಅವಳು ಹೇಳಿದ್ದು ಸರಿಯೇ. ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಮಾತ್ರ ಆ ಪದಕ್ಕೆ ‘ಇಲ್ಲಿ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯಬೇಡ, ಗೋಡೆಯ ಪ್ರತಿಬಲ ಗೋಡೆಗೆ ಲಂಬವಾಗಿ ಮಾತ್ರ ಇರುತ್ತದೆ’ ಎಂದರ್ಥ. ‘ಲೈಟ್’ ಅಂದರೆ ತೂಕ ಲೆಕ್ಕಕ್ಕಿಲ್ಲ, ‘ಜಸ್ಟ್ ಬಿಗಿನ್ಸ್ ಟು ಸ್ಲಿಪ್’ ಅಂದರೆ ಘರ್ಷಣೆ ತನ್ನ ಗರಿಷ್ಠ ಮಿತಿ ಮುಟ್ಟಿದೆ. ಅವಳಿಗೆ ಕೊರತೆ ಇದ್ದದ್ದು ಇಂಥ ಇಪ್ಪತ್ತು ಮೂವತ್ತು ಪದಗಳದ್ದು, ಮೆಕ್ಯಾನಿಕ್ಸ್ ಅವಳಿಗೆ ಆಗಲೇ ಬರುತ್ತಿತ್ತು. ಈಗ ಅವಳೇ ಒಂದು ಪಟ್ಟಿ ಮಾಡಿಕೊಂಡಿದ್ದಾಳೆ: ಎಡಕ್ಕೆ ಪ್ರಶ್ನೆಯ ಪದ, ಬಲಕ್ಕೆ ಅದು ಲೆಕ್ಕದಲ್ಲಿ ಏನಾಗುತ್ತದೆ ಎಂಬುದು ಕನ್ನಡದಲ್ಲಿ. ‘ಬೇಸಿಕ್ಸ್ ವೀಕ್’ ಎಂದು ಹೇಳಿ ಪಿಯುಸಿ ಪುಸ್ತಕ ಓದು ಎಂದಿದ್ದರೆ ಎರಡು ತಿಂಗಳು ಹಾಳಾಗುತ್ತಿತ್ತು.

ಆದ್ದರಿಂದ ಎರಡನೇ ನಿಯಮ: ಎಲ್ಲಿ ನಿಂತಿತು ಎಂದು ಅವರ ಕೈಯಲ್ಲೇ ಬರೆಸಿ ನೋಡದೆ ಸಲಹೆ ಕೊಡಬಾರದು.

ಮಾಹಿತಿ ಪೂರ್ತಿ ಕೊಡು, ಲೆಕ್ಕ ಅರ್ಧ ಕೊಡು

ಕೇಳಿದ್ದೆಲ್ಲ ಕೊಡಬಾರದು ಎಂದಕೂಡಲೇ ಕೆಲವರು ಎಲ್ಲವನ್ನೂ ಒಗಟು ಮಾಡಿಬಿಡುತ್ತಾರೆ. ‘ಹುಡುಕಿಕೋ, ಸಿಗುತ್ತೆ’ ಎನ್ನುತ್ತಾರೆ. ಇದೂ ತಪ್ಪು. ಕೆಲವು ಸಂಗತಿಗಳು ಹುಡುಕಿ ಕಲಿಯುವಂಥವಲ್ಲ, ಗೊತ್ತಿಲ್ಲದಿದ್ದರೆ ಹೊಡೆತ ಬೀಳುವಂಥವು.

ನಮ್ಮ ಸ್ಕೀಮಿನಲ್ಲಿ ಥಿಯರಿ ವಿಷಯವೊಂದರಲ್ಲಿ ಸಿಐಇಯ 50ಕ್ಕೆ ಕನಿಷ್ಠ 20 ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರುವಂತಿಲ್ಲ. ಕೂತಮೇಲೆ ಅಲ್ಲಿ 50ಕ್ಕೆ 18, ಎರಡೂ ಸೇರಿ 100ಕ್ಕೆ 40 ಬೇಕು. ಹಾಜರಾತಿ ಶೇ 85 ಇರಬೇಕು. ಪದವಿ ಸಿಗಬೇಕಾದರೆ ಸಾಮಾಜಿಕ ಚಟುವಟಿಕೆಗಳಿಂದ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ನೇರವಾಗಿ ಬಂದವರಿಗೆ 75. ಇದು ಏಳನೇ ಸೆಮಿಸ್ಟರ್‌ನಲ್ಲಿ ಗೊತ್ತಾಗಿ ಓಡಾಡುವವರು ಎಷ್ಟೋ ಜನ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಾಂಕ, ಜಾತಿ–ಆದಾಯ ಪ್ರಮಾಣಪತ್ರದ ಅವಧಿ, ಹಾಸ್ಟೆಲ್ ಅರ್ಜಿ ಎಲ್ಲವೂ ಇದೇ ಜಾತಿಗೆ ಸೇರಿದವು. ಅಪ್ಪ ಅಮ್ಮ ಕಾಲೇಜು ಓದಿದ ಮನೆಯ ಮಕ್ಕಳಿಗೆ ಇವು ಊಟದ ಹೊತ್ತಿನಲ್ಲೇ ಗೊತ್ತಾಗಿಬಿಡುತ್ತವೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ನಾವು ಹೇಳದಿದ್ದರೆ ಯಾರೂ ಹೇಳುವುದಿಲ್ಲ. ಇಂಥದ್ದನ್ನು ಕೇಳುವ ಮೊದಲೇ, ಪೂರ್ತಿಯಾಗಿ, ಬರೆದು ಕೊಡಬೇಕು.

ಲೆಕ್ಕ, ಡ್ರಾಯಿಂಗ್, ಪ್ರೋಗ್ರಾಂ, ಪ್ರಾಜೆಕ್ಟ್ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿಯಬೇಕು. ನಮ್ಮ ಗುಂಪಿನಲ್ಲಿ ಒಂದು ಒಪ್ಪಂದವಿದೆ. ಪ್ರಶ್ನೆಯ ಫೋಟೊ ಮಾತ್ರ ಕಳಿಸಿದರೆ ಉತ್ತರವಿಲ್ಲ. ತಾನು ಎಲ್ಲಿಯವರೆಗೆ ಬಂದೆ ಎಂಬ ಹಾಳೆಯ ಫೋಟೊ ಜೊತೆಗಿರಬೇಕು. ಆಗ ನಾನು ಹೇಳುವುದು ಮುಂದಿನ ಒಂದು ಹೆಜ್ಜೆ ಮಾತ್ರ. ಮೊದಮೊದಲು ಎಲ್ಲರಿಗೂ ಸಿಟ್ಟು ಬಂತು. ‘ಬೇರೆ ಗ್ರೂಪಿನ ಅಣ್ಣ ಪೂರ್ತಿ ಪಿಡಿಎಫ್ ಹಾಕ್ತಾರೆ’ ಎಂದು ಮೂತಿ ತಿರುವಿದರು. ಆದರೆ ಎಲ್ಲಿ ಸಿಕ್ಕಿಕೊಂಡೆ ಎಂದು ಬರೆಯಲು ಕೂತಾಗಲೇ ಅರ್ಧದಷ್ಟು ಪ್ರಶ್ನೆಗಳು ತಾವಾಗಿ ಬಿಡಿಸಿಕೊಂಡವು. ಈಗಂತೂ ಮೊಬೈಲಿನಲ್ಲಿ ಕೇಳಿದರೆ ಎಐ ಪೂರ್ತಿ ಉತ್ತರ ಕೊಡುತ್ತದೆ. ಬರೀ ಉತ್ತರ ಬೇಕಿದ್ದರೆ ಸೀನಿಯರ್‌ಗಳ ಅಗತ್ಯವೇ ಇಲ್ಲ. ನಮ್ಮ ಅಗತ್ಯ ಇರುವುದು ‘ನಿನ್ನ ಹಾಳೆ ತೋರಿಸು’ ಎಂದು ಕೇಳಲಿಕ್ಕೆ.

ಎಲ್ಲರಿಗೂ ಏಳೇ ದಿನ ಅಲ್ಲ

ಅಗಲ ಹೆಚ್ಚಾದಂತೆ ಸೆಂಟ್ರಿಂಗ್ ಇರಬೇಕಾದ ದಿನಗಳೂ ಹೆಚ್ಚುತ್ತವೆ. ಹದಿನಾಲ್ಕು ದಿನ ಬೇಕಾದ ಸ್ಲ್ಯಾಬು ಏಳು ದಿನದ್ದಕ್ಕಿಂತ ಕಳಪೆ ಎಂದು ಯಾವ ಎಂಜಿನಿಯರನೂ ಹೇಳುವುದಿಲ್ಲ. ಅದು ದಾಟಬೇಕಾದ ದೂರ ಹೆಚ್ಚು, ಅಷ್ಟೇ.

ಡಿಪ್ಲೊಮಾದಿಂದ ಬಂದವರನ್ನು ನೋಡಿ. ಸರ್ವೆ ಉಪಕರಣ ಕೈಗೆ ಕೊಟ್ಟರೆ ಅವರು ನಮಗೇ ಪಾಠ ಹೇಳುತ್ತಾರೆ. ಗಣಿತದ ತರಗತಿಯಲ್ಲಿ ಮಾತ್ರ ಹಿಂದಿನ ಬೆಂಚು ಹುಡುಕುತ್ತಾರೆ, ಏಕೆಂದರೆ ಪಿಯುಸಿ ಓದಿದವರು ಮಾಡಿಬಂದ ಕ್ಯಾಲ್ಕುಲಸ್ ಅಭ್ಯಾಸ ಅವರಿಗೆ ಅಷ್ಟಾಗಿ ಇರುವುದಿಲ್ಲ. ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿ ರೂಮಿಗೆ ಬಂದು ಅಡುಗೆ ಮಾಡಿಕೊಂಡು ಓದುವವನಿಗೂ, ಮನೆಯಿಂದ ಕಾಲೇಜು ಬಸ್ಸಿನಲ್ಲಿ ಬಂದುಹೋಗುವವನಿಗೂ ದಿನದ ಗಂಟೆಗಳು ಒಂದೇ ಆದರೂ ಕೈಗೆ ಸಿಗುವ ಸಮಯ ಒಂದೇ ಅಲ್ಲ. ಐದು ಜನರಿಗೂ ತಲಾ ಅರ್ಧ ಗಂಟೆ ಹಂಚಿಬಿಟ್ಟರೆ ಲೆಕ್ಕ ಸಮ ಆಗುತ್ತದೆ, ನ್ಯಾಯ ಆಗುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಸಮಯವೆಲ್ಲ ಹೋಗುವುದು ಕೇಳುವವರಿಗೆ. ಕೇಳುವವರು ಸಾಮಾನ್ಯವಾಗಿ ಧೈರ್ಯವಂತರು, ಹೇಗಿದ್ದರೂ ದಡ ಸೇರುವವರು. ಬಾಯಿ ಬಿಡದವರ ಬಳಿಗೆ ನಾವೇ ಹೋಗಬೇಕು. ವಾರಕ್ಕೊಮ್ಮೆ ಗುಂಪಿನಲ್ಲಿ ಒಂದೂ ಮೆಸೇಜ್ ಹಾಕದವರಿಗೆ ನಾನೇ ಫೋನ್ ಮಾಡುತ್ತೇನೆ. ಪಾಠದ ವಿಷಯ ಎತ್ತುವುದಿಲ್ಲ. ‘ಊಟ ಆಯ್ತಾ, ಊರಿಗೆ ಯಾವಾಗ ಹೋಗಿದ್ದೆ?’ ಎಂದಷ್ಟೇ ಕೇಳುತ್ತೇನೆ. ಉಳಿದದ್ದು ಎರಡನೇ ಮೂರನೇ ಫೋನಿಗೆ ತಾನಾಗಿ ಬರುತ್ತದೆ.

ಹೋಲಿಕೆ ಮುರಿಯುವ ಜಾಗ

ಸೆಂಟ್ರಿಂಗ್ ಹೋಲಿಕೆಗೆ ಒಂದು ಮಿತಿ ಇದೆ. ಹಲಗೆ ಹೇಗಿದೆಯೋ ಕಾಂಕ್ರೀಟ್ ಹಾಗೇ ಗಟ್ಟಿಯಾಗುತ್ತದೆ. ಮನುಷ್ಯರು ಹಾಗಾಗಬಾರದು. ನನ್ನ ಅಚ್ಚಿಗೆ ಹೊಯ್ದ ಇನ್ನೊಂದು ‘ನಾನು’ ತಯಾರಾದರೆ ಅದು ಮೆಂಟರಿಂಗ್ ಅಲ್ಲ, ಅಚ್ಚು ಹಾಕುವ ಕೆಲಸ.

ಗಣಿತಜ್ಞ ಜಿ.ಎಚ್. ಹಾರ್ಡಿ ಅವರಿಗೆ ಈ ಸಂಕಟ ದೊಡ್ಡ ರೂಪದಲ್ಲಿ ಎದುರಾಗಿತ್ತು. 1914ರಲ್ಲಿ ರಾಮಾನುಜನ್ ಕೇಂಬ್ರಿಜ್‌ಗೆ ಹೋದಾಗ ಅವರಿಗೆ ಗೊತ್ತಿದ್ದುದರ ಆಳಕ್ಕೆ ಲೆಕ್ಕವಿರಲಿಲ್ಲ, ಗೊತ್ತಿಲ್ಲದ್ದೂ ಅಷ್ಟೇ ಅಚ್ಚರಿ ಹುಟ್ಟಿಸುವಂತಿತ್ತು. ಆಧುನಿಕ ಗಣಿತದ ಸಾಧನೆ–ಪ್ರಮಾಣದ ಶಿಸ್ತು ಕಲಿಸದಿದ್ದರೆ ಕಷ್ಟ, ಎಲ್ಲವನ್ನೂ ಕ್ರಮವಾಗಿ ಕಲಿಸಹೊರಟರೆ ಅವರ ಆತ್ಮವಿಶ್ವಾಸ, ಸ್ಫೂರ್ತಿಯೇ ಮುರಿದುಹೋದೀತು ಎಂಬ ಅಂಜಿಕೆ. ಹಾರ್ಡಿ ಬೇಕಾದಷ್ಟನ್ನು ಮಾತ್ರ ಕಲಿಸಿದರು. ರಾಮಾನುಜನ್ ತನ್ನಿಂದ ಕಲಿತದ್ದಕ್ಕಿಂತ ತಾನು ಅವರಿಂದ ಕಲಿತದ್ದೇ ಹೆಚ್ಚು ಎಂದು ಮುಂದೆ ಬರೆದುಕೊಂಡರು.

ನಮ್ಮ ಜೂನಿಯರ್‌ಗಳು ರಾಮಾನುಜನ್ ಅಲ್ಲ, ನಾವು ಹಾರ್ಡಿಯೂ ಅಲ್ಲ. ಆದರೂ ಎಚ್ಚರ ಅದೇ ಬೇಕು. ‘ಸಿವಿಲ್‌ನಲ್ಲಿ ಏನಿದೆ, ಕೋಡಿಂಗ್ ಕಲಿತು ಸಾಫ್ಟ್‌ವೇರಿಗೆ ಹೋಗು’ ಎನ್ನುವ ಸೀನಿಯರ್ ಇದ್ದಾರೆ. ‘ಗೇಟ್ ಬರೆಯದಿದ್ದರೆ ಬದುಕೇ ಇಲ್ಲ’ ಎನ್ನುವವರಿದ್ದಾರೆ. ‘ಸರ್ಕಾರಿ ಎಇ, ಜೆಇ ಹುದ್ದೆಯೇ ಸರಿ, ಉಳಿದದ್ದೆಲ್ಲ ಮಣ್ಣು’ ಎನ್ನುವವರೂ ಇದ್ದಾರೆ. ಇವೆಲ್ಲ ಅವರವರ ಮನೆ ಪರಿಸ್ಥಿತಿ, ಅವರವರ ಭಯದಿಂದ ಹುಟ್ಟಿದ ತೀರ್ಮಾನಗಳು. ನನ್ನ ನಿಯಮ ಹೀಗಿದೆ: ಪ್ರತಿ ದಾರಿಗೂ ಎಷ್ಟು ವರ್ಷ, ಎಷ್ಟು ಖರ್ಚು, ಸಿಗದಿದ್ದರೆ ಮುಂದೇನು ಎಂಬ ಮೂರು ಪ್ರಶ್ನೆಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಆ ದಾರಿಯಲ್ಲಿ ಈಗ ಇರುವವರ ನಂಬರ್ ಅವರನ್ನು ಕೇಳಿ ಕೊಡುತ್ತೇನೆ. ‘ನೀನು ಇದನ್ನೇ ಮಾಡು’ ಎನ್ನುವುದಿಲ್ಲ. ಅದರ ಫಲ ಉಣ್ಣುವವರು ನಾನಲ್ಲ.

ಹೊರಲಾರದ ಭಾರ

ಎಷ್ಟು ಕಂಬ ಕೊಟ್ಟರೂ ಕೆಲವು ಭಾರ ನಮ್ಮ ಅಳತೆಗೆ ಮೀರಿದ್ದು. ರಾತ್ರಿಯೆಲ್ಲ ನಿದ್ದೆ ಇಲ್ಲ, ಊಟ ಬೇಡ, ಬದುಕುವುದೇ ಬೇಡ ಅನಿಸುತ್ತಿದೆ ಎಂದು ಯಾರಾದರೂ ಹೇಳಿಕೊಂಡರೆ ಇಪ್ಪತ್ತು ವರ್ಷದ ಸೀನಿಯರ್ ಅದಕ್ಕೆ ಮದ್ದಲ್ಲ. ‘ಯಾರಿಗೂ ಹೇಳಬೇಡ ಅಕ್ಕಾ’ ಎಂದರೂ ಇಂಥದ್ದನ್ನು ಗುಟ್ಟಾಗಿ ಇಟ್ಟುಕೊಳ್ಳಬಾರದು. ಇದನ್ನು ನಾನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇನೆ: ‘ನೀನು ಹೇಳಿದ್ದು ನನ್ನಲ್ಲೇ ಇರುತ್ತೆ, ಆದರೆ ನಿನ್ನ ಜೀವಕ್ಕೆ ತೊಂದರೆ ಇದೆ ಅನಿಸಿದರೆ ದೊಡ್ಡವರಿಗೆ ಹೇಳ್ತೀನಿ.’ ನಂಬುವ ಅಧ್ಯಾಪಕರೊಬ್ಬರು, ಮನೆಯವರು, ವೈದ್ಯರು ಇವರಲ್ಲಿ ಯಾರ ಹತ್ತಿರವಾದರೂ ಅವರನ್ನು ಕರೆದೊಯ್ಯುವುದು ನಮ್ಮ ಕೆಲಸ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಆ ನಂಬರ್ ನಮ್ಮ ಗುಂಪಿನ ಪರಿಚಯದಲ್ಲೇ ಬರೆದಿಟ್ಟಿದ್ದೇವೆ. ಯಾರೂ ಕೇಳಿಲ್ಲದಿದ್ದರೂ ಅದು ಅಲ್ಲಿರಲಿ.

ಬಿಚ್ಚುವ ಕ್ರಮ

ಕೊನೆಯ ನಿಯಮವೇ ನನಗೆ ಎಲ್ಲಕ್ಕಿಂತ ಮುಖ್ಯ. ಸೆಂಟ್ರಿಂಗನ್ನು ಒಮ್ಮೆಲೇ ಎಳೆದು ಬೀಳಿಸುವುದಿಲ್ಲ. ಎರಡೂ ಕಡೆ ಆಧಾರವಿರುವ ಸ್ಲ್ಯಾಬಾದರೆ ನಡುವಿನಿಂದ ಶುರುಮಾಡಿ ಅಂಚಿಗೆ ಬರುತ್ತಾರೆ. ಹೊರಚಾಚಿದ ಸಜ್ಜಾ ಆದರೆ ತುದಿಯಿಂದ ಗೋಡೆಯ ಕಡೆಗೆ. ಬೇಗ ಹಲಗೆ ಬೇಕಿದ್ದರೆ ಮೂರು ದಿನಕ್ಕೆ ಹಲಗೆ ತೆಗೆದು, ಕೂಡಲೇ ಕಂಬವನ್ನು ಮತ್ತೆ ಕೊಡುವ ಪದ್ಧತಿಯೂ ಇದೆ.

ನಮ್ಮ ಗುಂಪಿನಲ್ಲಿ ಮೊದಲ ಇಂಟರ್ನಲ್ಸ್ ತನಕ ವಾರಕ್ಕೆರಡು ಭೇಟಿ. ಎರಡನೆಯದರ ತನಕ ವಾರಕ್ಕೊಂದು. ಆಮೇಲೆ ಅವರೇ ಕರೆದರೆ ಮಾತ್ರ. ಇದನ್ನು ಮೊದಲ ದಿನವೇ ಹೇಳಿರುತ್ತೇನೆ, ಇಲ್ಲದಿದ್ದರೆ ‘ಅಕ್ಕ ಕೈ ಬಿಟ್ಟರು’ ಅನಿಸುತ್ತದೆ. ಶಕ್ತಿ ಬಂದಿದೆಯೇ ಎಂದು ನೋಡಲು ನನಗೊಂದು ಪರೀಕ್ಷೆ ಇದೆ. ಯಾರು ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಉಳಿದ ನಾಲ್ವರಿಗೆ ಹೇಳಿಕೊಡುತ್ತಾರೋ, ಅವರು ಕೇಳಿದ ಅಡ್ಡಪ್ರಶ್ನೆಗೆ ತಡವರಿಸದೆ ನಿಲ್ಲುತ್ತಾರೋ ಅವರ ಕಂಬ ತೆಗೆಯಬಹುದು. ಸಂಹಿತೆ ಹೇಳುವ ‘ಎರಡರಷ್ಟು ಶಕ್ತಿ’ ನನ್ನ ಮಟ್ಟಿಗೆ ಇದು. ತನಗೆ ಅರ್ಥವಾದರೆ ಸಾಲದು, ಇನ್ನೊಬ್ಬರಿಗೆ ಅರ್ಥ ಮಾಡಿಸುವಷ್ಟಿರಬೇಕು. ಏಣಿಯ ಲೆಕ್ಕದ ಆ ಹುಡುಗಿ ಈಗ ತನ್ನ ಪದಗಳ ಪಟ್ಟಿ ಇಟ್ಟುಕೊಂಡು ಇನ್ನಿಬ್ಬರಿಗೆ ಹೇಳಿಕೊಡುತ್ತಿದ್ದಾಳೆ. ನನ್ನ ಫೋನಿಗೆ ಅವಳ ಮೆಸೇಜ್ ಬಂದು ತಿಂಗಳಾಗಿದೆ. ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಗುವುದು ನಿಜ. ಆದರೆ ಅವಳ ಮೆಸೇಜ್ ಬರದಿರುವುದೇ ನನ್ನ ಕೆಲಸದ ಫಲಿತಾಂಶ.

‘ನಿನಗೇ ಇಪ್ಪತ್ತು, ನೀನೇನು ಮಾರ್ಗದರ್ಶಿ?’

ಈ ಪ್ರಶ್ನೆ ಮನೆಯಲ್ಲೂ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಮಗೆ ಅನುಭವ ಕಡಿಮೆ. ಆದರೆ ನಾವು ದಾಟಿಬಂದ ಎರಡು ವರ್ಷದ ದಾರಿ ಇನ್ನೂ ಕಣ್ಣ ಮುಂದಿದೆ. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವವರಿಗೆ ‘ಸ್ಮೂತ್’ ಎಂಬ ಪದ ಯಾಕೆ ಕಷ್ಟ ಎಂದು ಹೊಳೆಯದಿರಬಹುದು, ನಮಗೆ ಹೊಳೆಯುತ್ತದೆ. ಓದುತ್ತಲೇ ಹೇಳಿಕೊಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿಯೇ ಓದಿನ ಖರ್ಚು ತೂಗಿಸಿದವರು. 1881ರಲ್ಲಿ ಬಿ.ಎ. ಮುಗಿಸಿದಾಗ ಅವರಿಗೂ ನಮ್ಮ ಆಸುಪಾಸಿನ ವಯಸ್ಸು.

‘ಇದು ಕಾಲೇಜು ಮಾಡಬೇಕಾದ ಕೆಲಸ, ನಾವೇಕೆ ಪುಕ್ಕಟೆ ಮಾಡಬೇಕು’ ಎಂದು ಗೆಳೆಯರು ಕೇಳುತ್ತಾರೆ. ಕಾಲೇಜು ಮಾಡಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಅಧ್ಯಾಪಕರ ಮೇಲಿನ ಕಾಗದದ ಹೊರೆ ಇಳಿಸಿ, ಮೆಂಟರ್ ಭೇಟಿಗೆ ವೇಳಾಪಟ್ಟಿಯಲ್ಲಿ ನಿಜವಾದ ಒಂದು ಗಂಟೆ ಇಡಬೇಕೆಂದು ನಾವು ಕೇಳಲೇಬೇಕು. ಅದು ಸಿಗುವ ತನಕ ಈ ವರ್ಷದ ಮೊದಲ ಸೆಮಿಸ್ಟರ್ ಕಾಯುವುದಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಒಂದು ಮಾತು. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಿಮ್ಮ ಸುತ್ತ ಮಾರ್ಗದರ್ಶಕರಿಗೆ ಬರವಿಲ್ಲ. ಟೆಲಿಗ್ರಾಂ ತೆರೆದರೆ ಗುರುಗಳೇ ಗುರುಗಳು. ಯಾರು ನಿಜವಾದವರು ಎಂದು ತಿಳಿಯಲು ಸುಲಭದ ಒಂದು ಅಳತೆ ಇದೆ. ಆರು ತಿಂಗಳ ನಂತರ ಅವರ ಅಗತ್ಯ ನಿಮಗೆ ಕಡಿಮೆ ಆಗಿದೆಯೇ, ಹೆಚ್ಚಾಗಿದೆಯೇ? ಹೊಸ ಬ್ಯಾಚು, ಹೊಸ ನೋಟ್ಸು, ಹೊಸ ಫೀಸು ಎಂದು ನಿಮ್ಮನ್ನು ಮತ್ತೆ ಮತ್ತೆ ಬರಮಾಡಿಕೊಳ್ಳುವವರು ವ್ಯಾಪಾರಿಗಳು. ‘ಇನ್ನು ಇದನ್ನು ನೀನೇ ಮಾಡಬಲ್ಲೆ’ ಎಂದು ಹೇಳಿ ಕಳಿಸುವವರು ಮೆಂಟರ್‌ಗಳು.

ಎರಡನೇ, ಮೂರನೇ ವರ್ಷದಲ್ಲಿರುವ ಗೆಳೆಯರೇ, ಹೊಸ ಬ್ಯಾಚ್ ಬರುವ ಮೊದಲು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಸಾಲು ಬರೆದುಕೊಳ್ಳಿ. ಏನು ಕೇಳುವ ಮೊದಲೇ ಕೊಡುತ್ತೇನೆ? ಏನು ಕೇಳಿದರೂ ಪೂರ್ತಿ ಕೊಡುವುದಿಲ್ಲ? ಯಾವಾಗ ಪಕ್ಕಕ್ಕೆ ಸರಿಯುತ್ತೇನೆ? ನಿಮ್ಮ ಉತ್ತರ ನನ್ನದರಂತೆ ಇರಬೇಕಿಲ್ಲ. ಮೆಕ್ಯಾನಿಕಲ್‌ನವರಿಗೆ, ಕಂಪ್ಯೂಟರ್ ಸೈನ್ಸ್‌ನವರಿಗೆ ಬೇರೆ ಹೋಲಿಕೆ ಹೊಳೆಯಬಹುದು. ಬರೆದದ್ದನ್ನು ಜೂನಿಯರ್‌ಗಳಿಗೂ ಓದಿ ಹೇಳಿ. ನೀವು ಮಾತು ತಪ್ಪಿದ ದಿನ ಅವರು ನೆನಪಿಸಲಿ.